ಮನೆಯಲ್ಲಿ ಓಡಿದ್ದು ಮೇಳದಲ್ಲೂ ಓಡಬೇಕಾದರೆ

ಪ್ರಶ್ನೆ: ನಾವಿಬ್ಬರು 9ನೇ ತರಗತಿಯಲ್ಲಿ ಓದುತ್ತಿದ್ದೇವೆ. ಇನ್ನು 6 ವಾರಕ್ಕೆ ವಿದ್ಯಾರ್ಥಿಗಳ ತಂತ್ರಜ್ಞಾನ ಮೇಳವಿದೆ. ಮಣ್ಣು ಒಣಗಿದಾಗ ತಾನಾಗಿಯೇ ನೀರು ಬಿಡುವ ಸಾಧನ ಮಾಡಿದ್ದೇವೆ. ಅದರಲ್ಲಿ ಆರ್ಡುಯಿನೊ ಉನೊ (ಪ್ರೋಗ್ರಾಮ್ ಹಾಕಿ ಓಡಿಸುವ ಪುಟ್ಟ ಸರ್ಕ್ಯೂಟ್ ಹಲಗೆ), ಎರಡು ಕಡ್ಡಿಯ ತೇವಾಂಶ ಸೆನ್ಸರ್, ರಿಲೇ (ವಿದ್ಯುತ್ತಿನಿಂದಲೇ ಆನ್-ಆಫ್ ಆಗುವ ಸ್ವಿಚ್), ನೀರಿನಲ್ಲಿ ಮುಳುಗಿಸುವ ಪುಟ್ಟ ಪಂಪ್ ಮತ್ತು 9 ವೋಲ್ಟ್ ಬ್ಯಾಟರಿ ಇವೆ. ಒಮ್ಮೊಮ್ಮೆ ಪಂಪ್ ಶುರುವಾದ ಕೂಡಲೇ ಎಲ್ಲವೂ ಆರಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ‘ಇದನ್ನು ಎಲ್ಲರೂ ಮಾಡುತ್ತಾರೆ, ಬೇರೆ ಏನಾದರೂ ಮಾಡಿ’ ಎನ್ನುವವರೂ ಇದ್ದಾರೆ. ವಿಷಯ ಬದಲಿಸೋಣವೇ? ತೀರ್ಪುಗಾರರು ಏನು ನೋಡುತ್ತಾರೆ? ತಯಾರಿ ಹೇಗಿರಬೇಕು?

ಉತ್ತರ: ವಿಷಯ ಬದಲಿಸಬೇಡಿ. 6 ವಾರದಲ್ಲಿ ಹೊಸ ಸಾಧನವನ್ನು ಕಟ್ಟಬಹುದು, ಆದರೆ ಅದನ್ನು ಪರೀಕ್ಷಿಸಲು ದಿನಗಳು ಉಳಿಯುವುದಿಲ್ಲ. ‘ಎಲ್ಲರೂ ಮಾಡುತ್ತಾರೆ’ ಎಂಬ ಮಾತು ನಿಜವೇ. ಹಾಗೆ ಮಾಡಿದವರಲ್ಲಿ ಹೆಚ್ಚಿನವರು ‘ಮಣ್ಣು ಒಣಗಿದರೆ ನೀರು ಬಿಡುತ್ತದೆ’ ಎನ್ನುವಲ್ಲಿಗೆ ನಿಲ್ಲಿಸುತ್ತಾರೆ. ಎಷ್ಟು ಒಣಗಿದರೆ? ಎಷ್ಟು ನೀರು? ಬಿಟ್ಟ ಮೇಲೆ ತೇವ ಎಷ್ಟಕ್ಕೆ ಬಂದು ನಿಂತಿತು? 10 ಸಲ ಓಡಿಸಿದರೆ ಎಷ್ಟು ಸಲ ತಪ್ಪಿತು? ಈ ನಾಲ್ಕಕ್ಕೆ ಅಂಕಿಗಳಲ್ಲಿ ಉತ್ತರ ಇಟ್ಟುಕೊಂಡು ಬರುವ ತಂಡ ಅಪರೂಪ. ನೀವು ಆ ತಂಡವಾಗಿ.

ಬೇರೆಲ್ಲ ಕೆಲಸಕ್ಕೂ ಮೊದಲು ಮೇಳದ ನಿಯಮಾವಳಿಯನ್ನು ಇಬ್ಬರೂ ಕೂತು ಪೂರ್ತಿ ಓದಿ. ತಂಡದಲ್ಲಿ ಎಷ್ಟು ಜನ ಇರಬಹುದು, ಮೇಜಿನ ಅಳತೆ ಎಷ್ಟು, ವಿದ್ಯುತ್ ಕೊಡುತ್ತಾರೆಯೇ, ಸಾರಾಂಶ ಕಳಿಸಲು ಕೊನೆಯ ದಿನ ಯಾವುದು ಎಂಬುದನ್ನು ಗುರುತು ಹಾಕಿಕೊಳ್ಳಿ. ಇವಕ್ಕಿಂತಲೂ ಮುಖ್ಯವಾಗಿ ಮೇಜಿನ ಮೇಲೆ ಏನನ್ನು ಇಡುವಂತಿಲ್ಲ ಎಂಬ ಪಟ್ಟಿಯನ್ನು ನೋಡಿ, ಏಕೆಂದರೆ ನಿಮ್ಮಂಥ ಪ್ರಾಜೆಕ್ಟ್‌ಗಳು ಸಿಕ್ಕಿಬೀಳುವುದು ಅಲ್ಲೇ. ಐಸೆಫ್ ಎಂದು ಕರೆಯುವ, 1950ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಂತರರಾಷ್ಟ್ರೀಯ ವಿಜ್ಞಾನ ಮತ್ತು ಎಂಜಿನಿಯರಿಂಗ್ ಮೇಳದಲ್ಲಿ ತಂಡಕ್ಕೆ 3 ಜನರ ಮಿತಿಯಿದೆ. ಪ್ರದರ್ಶನದ ಅಗಲ 122, ಆಳ 76, ನೆಲದಿಂದ ಎತ್ತರ 274 ಸೆಂ.ಮೀ. ದಾಟುವಂತಿಲ್ಲ. ಜೀವಂತ ಗಿಡ, ಮಣ್ಣು, ನೀರು, ಗಾಜು ಈ ಯಾವುದನ್ನೂ ಅಲ್ಲಿ ಮೇಜಿನ ಮೇಲೆ ಇಡಲು ಬಿಡುವುದಿಲ್ಲ. ನಿಮ್ಮ ಮೇಳದ ನಿಯಮವೂ ಇದೇ ಮಾದರಿಯದಾಗಿದ್ದರೆ ಕುಂಡ, ಮಣ್ಣು, ನೀರಿನ ಡಬ್ಬಿ ಮೂರೂ ಬಾಗಿಲಲ್ಲೇ ಉಳಿಯುತ್ತವೆ. ಇದು ಹಿಂದಿನ ದಿನ ಗೊತ್ತಾದರೆ ಮಾಡುವುದಕ್ಕೆ ಏನೂ ಇರುವುದಿಲ್ಲ. ಇಂದೇ ಗೊತ್ತಾದರೆ ದಾರಿ ಸುಲಭ: ಸೆನ್ಸರನ್ನು ಅಂಗೈಯಲ್ಲಿ ಹಿಡಿದು ಬಿಟ್ಟು ಸಂಖ್ಯೆ ಬದಲಾಗುವುದನ್ನು ತೋರಿಸಿ, ಪಂಪಿನ ಜಾಗದಲ್ಲಿ ಒಂದು ಎಲ್‌ಇಡಿ ಅಥವಾ ಪುಟ್ಟ ಫ್ಯಾನ್ ಜೋಡಿಸಿ, ನಿಜವಾದ ಕುಂಡದಲ್ಲಿ ನಡೆದ ಪರೀಕ್ಷೆಯ ವಿಡಿಯೊ ಮತ್ತು ಅಂಕಿಗಳನ್ನು ಪಕ್ಕದಲ್ಲಿಡಿ. ಪಂಪನ್ನೇ ನೀರಿಲ್ಲದೆ ಓಡಿಸಿ ತೋರಿಸಬೇಡಿ, ಅದು ಬೇಗ ಕೆಡುತ್ತದೆ.

ತೀರ್ಪುಗಾರರು ಏನು ನೋಡುತ್ತಾರೆ ಎಂಬುದಕ್ಕೆ ಅದೇ ಐಸೆಫ್‌ನ ಎಂಜಿನಿಯರಿಂಗ್ ವಿಭಾಗದ ಅಂಕಪಟ್ಟಿ ಒಳ್ಳೆಯ ಕನ್ನಡಿ. ಸಮಸ್ಯೆಯನ್ನು ಸ್ಪಷ್ಟವಾಗಿ ಹೇಳುವುದಕ್ಕೆ 10, ವಿನ್ಯಾಸ ಮತ್ತು ವಿಧಾನಕ್ಕೆ 15, ಕಟ್ಟಿ ಪರೀಕ್ಷಿಸಿದ್ದಕ್ಕೆ 20, ಸೃಜನಶೀಲತೆಗೆ 20, ಮಂಡನೆಗೆ 35. ಆ 35ರಲ್ಲಿ ಫಲಕಕ್ಕೆ ಸಿಗುವುದು 10 ಮಾತ್ರ, ಉಳಿದ 25 ನಿಮ್ಮೊಂದಿಗಿನ ಮಾತುಕತೆಗೆ. ನಿಮ್ಮ ಮೇಳದ ಲೆಕ್ಕ ಸ್ವಲ್ಪ ಬೇರೆ ಇರಬಹುದು, ಅಂಕಪಟ್ಟಿ ಸಿಗುವುದಾದರೆ ಕೇಳಿ ಪಡೆಯಿರಿ. ಆದರೂ ಥರ್ಮೋಕೋಲ್ ಅಲಂಕಾರಕ್ಕೆ ಎರಡು ವಾರ ಕಳೆದು ಪರೀಕ್ಷೆಗೆ ಒಂದು ಸಂಜೆ ಕೊಡುವವರು ಎಲ್ಲಿ ಅಂಕ ಕಳೆದುಕೊಳ್ಳುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ.

ಈಗ ನಿಮ್ಮ ಸಾಧನಕ್ಕೆ ಬರೋಣ. ಅದು ಆರಿ ಮತ್ತೆ ಶುರುವಾಗಲು ಕಾರಣ ಹೆಚ್ಚುಕಡಿಮೆ ಖಂಡಿತವಾಗಿ 9 ವೋಲ್ಟ್ ಬ್ಯಾಟರಿ. ಆ ಚಿಕ್ಕ ಚೌಕದ ಬ್ಯಾಟರಿ ಕಡಿಮೆ ಕರೆಂಟನ್ನು ಬಹಳ ಹೊತ್ತು ಕೊಡುವ ಕೆಲಸಕ್ಕೆ ಮಾಡಿದ್ದು. ಅದರ ಒಳಗಿನ ರೋಧ ಹೆಚ್ಚು, ಒಟ್ಟು ಸಾಮರ್ಥ್ಯ ಸುಮಾರು 500 ಮಿಲಿ ಆಂಪಿಯರ್ ಅವರ್ ಮಾತ್ರ. ಮೋಟಾರು ನಿಂತಲ್ಲಿಂದ ತಿರುಗಲು ಶುರುಮಾಡುವ ಕ್ಷಣದಲ್ಲಿ, ತಿರುಗುತ್ತಿರುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿಯುತ್ತದೆ. ಉನೊದಲ್ಲಿರುವ ಎಟಿಮೆಗಾ328ಪಿ ಚಿಪ್ ತನ್ನ ವೋಲ್ಟೇಜ್ ಸುಮಾರು 2.7ಕ್ಕಿಂತ ಕೆಳಗಿಳಿದರೆ ತಪ್ಪು ಲೆಕ್ಕ ಮಾಡದಿರಲೆಂದು ತಾನೇ ರೀಸೆಟ್ ಆಗುತ್ತದೆ. ಈ ಕುಸಿತ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುವುದರಿಂದ ಸಾಮಾನ್ಯ ಮಲ್ಟಿಮೀಟರಿನಲ್ಲಿ ಕಾಣಿಸುವುದಿಲ್ಲ. ‘ಅಳೆದು ನೋಡಿದೆವು, ವೋಲ್ಟೇಜ್ ಸರಿಯಿತ್ತು’ ಎಂದು ಮೋಸಹೋಗುವುದು ಹೀಗೆ.

ಪಂಪಿಗೆ ಬೇರೆಯದೇ ವಿದ್ಯುತ್ ಕೊಡಿ. 3ರಿಂದ 6 ವೋಲ್ಟಿನ ಪಂಪಾದರೆ 4 ಎಎ ಸೆಲ್‌ಗಳ ಹೋಲ್ಡರ್ ಸಾಕು. ಉನೊಗೆ ಯುಎಸ್‌ಬಿ ಅಡಾಪ್ಟರ್ ಇರಲಿ. ರಿಲೇ ಬಳಸುವಾಗ ಪಂಪಿನ ಸರ್ಕ್ಯೂಟ್ ಪೂರ್ತಿ ಬೇರೆಯಾಗಿಯೇ ಇರುವುದರಿಂದ ಎರಡು ಕಡೆಯ ಗ್ರೌಂಡ್ (ಮೈನಸ್ ತಂತಿ) ಸೇರಿಸಬೇಕಿಲ್ಲ. ಮುಂದೆ ರಿಲೇ ತೆಗೆದು ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್ ಹಾಕಿದರೆ ಮಾತ್ರ ಸೇರಿಸಲೇಬೇಕು, ಇಲ್ಲವಾದರೆ ಅದು ಸರಿಯಾಗಿ ಆನ್ ಆಗುವುದಿಲ್ಲ. ಹೀಗೆ ಬೇರೆ ಮಾಡಿದ ಮೇಲೂ ರೀಸೆಟ್ ಆಗುತ್ತಿದ್ದರೆ ಮೋಟಾರಿನಿಂದ ಬರುವ ವಿದ್ಯುತ್ ಗದ್ದಲವೇ ಕಾರಣ. ಪಂಪಿನ ಎರಡು ತಂತಿಗಳ ನಡುವೆ ಒಂದು 1ಎನ್4007 ಡಯೋಡನ್ನು, ಬಿಳಿ ಪಟ್ಟಿಯಿರುವ ತುದಿ ಪ್ಲಸ್ ಕಡೆಗೆ ಬರುವಂತೆ ಹಾಕಿ. ಅದರ ಜೊತೆಗೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪ್ಯಾಸಿಟರ್ ಒಂದನ್ನು ಸೇರಿಸಿ, ಪಂಪಿನ ತಂತಿಯನ್ನು ಸೆನ್ಸರ್ ತಂತಿಯ ಜೊತೆ ಸುತ್ತಿಡದೆ ದೂರ ಒಯ್ಯಿರಿ. ಡಯೋಡ್ ತಿರುಗುಮುರುಗಾದರೆ ಅದು ನೇರ ಶಾರ್ಟ್ ಸರ್ಕ್ಯೂಟ್, ಆದ್ದರಿಂದ ಪಟ್ಟಿಯನ್ನು ಎರಡು ಸಲ ನೋಡಿ.

ರಿಲೇಯನ್ನು ಬಿಡಿಯಾಗಿ ತಂದು ನೇರ ಪಿನ್ನಿಗೆ ಜೋಡಿಸಿದ್ದರೆ ಕೂಡಲೇ ತೆಗೆಯಿರಿ. 5 ವೋಲ್ಟ್ ರಿಲೇಯ ಸುರುಳಿ ಸುಮಾರು 70 ಮಿಲಿ ಆಂಪಿಯರ್ ಎಳೆಯುತ್ತದೆ, ಉನೊದ ಒಂದು ಪಿನ್ ತಾಳಬಲ್ಲ ಗರಿಷ್ಠ ಮಿತಿ 40. ಟ್ರಾನ್ಸಿಸ್ಟರ್ ಇರುವ ರಿಲೇ ಮಾಡ್ಯೂಲ್ ಆದರೆ ತೊಂದರೆಯಿಲ್ಲ. ಆದರೆ ಇಂಥ ಮಾಡ್ಯೂಲ್‌ಗಳಲ್ಲಿ ಬಹಳಷ್ಟು, ಪಿನ್ ‘ಲೋ’ (0 ವೋಲ್ಟ್) ಆದಾಗ ಆನ್ ಆಗುತ್ತವೆ, ‘ಹೈ’ (5 ವೋಲ್ಟ್) ಆದಾಗ ಆಫ್ ಆಗುತ್ತವೆ. ಪ್ರೋಗ್ರಾಮಿನಲ್ಲಿ ಪಿನ್ನನ್ನು ಔಟ್‌ಪುಟ್ ಎಂದು ಘೋಷಿಸಿದ ಕ್ಷಣ ಅದು ‘ಲೋ’ ಆಗಿಯೇ ಇರುತ್ತದೆ, ಸ್ವಿಚ್ ಹಾಕಿದೊಡನೆ ಪಂಪ್ ಒಮ್ಮೆ ಚಿಮ್ಮಿ ಮೇಜು ಒದ್ದೆಯಾಗುತ್ತದೆ. ಘೋಷಣೆಯ ಸಾಲಿಗೂ ಮೊದಲು ಪಿನ್ನನ್ನು ‘ಹೈ’ ಮಾಡುವ ಸಾಲು ಬರೆದರೆ ಇದು ನಿಲ್ಲುತ್ತದೆ.

ಎರಡು ಕಡ್ಡಿಯ ಸೆನ್ಸರ್ ಬಗ್ಗೆ ಸ್ಪಷ್ಟವಾಗಿ ಹೇಳಬೇಕು: ಸ್ಪರ್ಧೆಗೆ ಅದು ಬೇಡ. ಒದ್ದೆ ಮಣ್ಣಿನಲ್ಲಿ ಅದರ ಮೂಲಕ ಸದಾ ಒಂದೇ ದಿಕ್ಕಿಗೆ ಕರೆಂಟ್ ಹರಿಯುತ್ತಿದ್ದರೆ ವಿದ್ಯುದ್ವಿಭಜನೆಯಿಂದ ಒಂದು ಕಡ್ಡಿಯ ಲೋಹ ಸವೆದು ಮಣ್ಣಿಗೆ ಸೇರುತ್ತದೆ. ಕೆಲವೇ ವಾರಗಳಲ್ಲಿ ಅದೇ ಮಣ್ಣಿಗೆ ಬೇರೆಯೇ ಸಂಖ್ಯೆ ಬರತೊಡಗುತ್ತದೆ, ನೀವು ಮೊದಲ ವಾರ ಬರೆದಿಟ್ಟ ಅಂಕಿಗೆ ಬೆಲೆಯಿಲ್ಲವಾಗುತ್ತದೆ. ಮಣ್ಣಿನಲ್ಲಿ ಗೊಬ್ಬರದ ಲವಣ ಹೆಚ್ಚಿದ್ದರೂ ಅದು ‘ಒದ್ದೆ’ ಎಂದೇ ಓದುತ್ತದೆ. ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ತನ್ನಿ. ಅದನ್ನು ಗುರುತಿನ ಗೆರೆಯವರೆಗೆ ಮಾತ್ರ ಹೂಳಬೇಕು, ಮೇಲಿನ ಬಿಡಿಭಾಗಗಳಿಗೂ ಹಲಗೆಯ ಕತ್ತರಿಸಿದ ಅಂಚುಗಳಿಗೂ ಉಗುರುಬಣ್ಣ ಅಥವಾ ವಾರ್ನಿಷ್ ಬಳಿದು ಒಣಗಿಸಬೇಕು. ಅಂಚು ನೀರು ಕುಡಿದರೆ ಸಂಖ್ಯೆ ನಿಧಾನವಾಗಿ ಜಾರುತ್ತದೆ. ಹಳೆಯದನ್ನೇ ಬಳಸಬೇಕಾದ ಅನಿವಾರ್ಯತೆಯಿದ್ದರೆ ಅದರ ಪ್ಲಸ್ ತಂತಿಯನ್ನು ಒಂದು ಡಿಜಿಟಲ್ ಪಿನ್ನಿಗೆ ಜೋಡಿಸಿ, ಓದುವ ಕ್ಷಣಕ್ಕೆ ಮಾತ್ರ ಆನ್ ಮಾಡಿ. 10 ನಿಮಿಷಕ್ಕೊಮ್ಮೆ ಓದಿದರೆ ಮಣ್ಣಿಗೆ ಸಾಕು.

ಸೆನ್ಸರ್ ಹೇಳುವ 430, 510 ಎಂಬ ಸಂಖ್ಯೆಗಳಿಗೆ ತಮ್ಮಷ್ಟಕ್ಕೆ ಅರ್ಥವಿಲ್ಲ. ಅವನ್ನು ತೇವಾಂಶದ ಶೇಕಡಾವಾರಿಗೆ ಹೊಂದಿಸುವುದು ನಿಮ್ಮ ಇಡೀ ಪ್ರಾಜೆಕ್ಟಿನ ಬೆನ್ನೆಲುಬು. ಪ್ರಯೋಗಾಲಯದಲ್ಲಿ ಮಣ್ಣನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸುತ್ತಾರೆ. ಆ ಅನುಕೂಲವಿಲ್ಲದಿದ್ದರೆ ತೆಳ್ಳಗೆ ಹರಡಿ ಬಿಸಿಲಿಗೆ ಹಾಕಿ, ಸತತ ಎರಡು ದಿನ ತೂಗಿದರೂ ತೂಕ ಇಳಿಯದಿದ್ದಾಗ ನಿಲ್ಲಿಸಿ. ‘ಬಿಸಿಲಲ್ಲಿ ಒಣಗಿಸಿದ್ದು’ ಎಂದು ಫಲಕದಲ್ಲಿ ಬರೆಯಿರಿ, ಏಕೆಂದರೆ ಅದರಲ್ಲಿ ಇನ್ನೂ ತುಸು ನೀರು ಉಳಿದಿರುತ್ತದೆ. ಒಣಮಣ್ಣನ್ನು ಜರಡಿ ಹಿಡಿದು 500 ಗ್ರಾಂ ತೂಗಿಕೊಳ್ಳಿ. ಅದಕ್ಕೆ 50 ಮಿ.ಲೀ. ನೀರು ಬೆರೆಸಿದರೆ ತೂಕದ ಲೆಕ್ಕದಲ್ಲಿ ಶೇ 10 ತೇವ. ಮುಚ್ಚಳದ ಡಬ್ಬಿಯಲ್ಲಿ ಚೆನ್ನಾಗಿ ಕಲಸಿ ಒಂದು ಗಂಟೆ ಬಿಡಿ, ಆಮೇಲೆ ಪಾತ್ರೆಯಲ್ಲಿ ಪ್ರತಿ ಸಲವೂ ಅದೇ ಗೆರೆಯವರೆಗೆ ಒತ್ತಿ ತುಂಬಿ. ಸಡಿಲ ಮಣ್ಣಿಗೂ ಒತ್ತಿದ ಮಣ್ಣಿಗೂ ಒಂದೇ ತೇವವಿದ್ದರೂ ಸಂಖ್ಯೆ ಬೇರೆ ಬರುತ್ತದೆ, ಹೆಚ್ಚಿನ ತಂಡಗಳ ನಕ್ಷೆ ಹಾಳಾಗುವುದು ಈ ಒಂದು ಕಾರಣಕ್ಕೆ. ಸೆನ್ಸರ್ ಚುಚ್ಚಿ 10 ಸಲ ಓದಿ, ಎಲ್ಲವನ್ನೂ ಬರೆದುಕೊಳ್ಳಿ. ಹೀಗೆ 50-50 ಮಿ.ಲೀ. ಏರಿಸುತ್ತ ನೀರು ಮೇಲೆ ನಿಲ್ಲುವವರೆಗೆ ಹೋಗಿ. ಕೆಪ್ಯಾಸಿಟಿವ್ ಸೆನ್ಸರ್‌ನಲ್ಲಿ ತೇವ ಏರಿದಷ್ಟೂ ಸಂಖ್ಯೆ ಇಳಿಯುತ್ತದೆ, ಅದೂ ನೇರ ಗೆರೆಯಲ್ಲಲ್ಲ. ಗೆರೆ ಬಾಗಿದ್ದರೆ ಬಾಗಿದಂತೆಯೇ ತೋರಿಸಿ.

ಈ ಅಳತೆಯನ್ನು ಮೇಳದ ದಿನ ಬಳಸುವ ಅದೇ ಅಡಾಪ್ಟರಿನಲ್ಲೇ ಮಾಡಿ. ಉನೊ ತನಗೆ ಬಂದ 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಹಂಚಿ ಅಳೆಯುತ್ತದೆ. ಸೆನ್ಸರ್ 2 ವೋಲ್ಟ್ ಕೊಟ್ಟರೆ ಸಂಖ್ಯೆ ಸುಮಾರು 409. ಬೇರೆ ಅಡಾಪ್ಟರಿನಲ್ಲಿ ಉನೊಗೆ 4.6 ವೋಲ್ಟ್ ಮಾತ್ರ ಸಿಕ್ಕರೆ ಅದೇ 2 ವೋಲ್ಟ್ 445 ಎಂದು ಕಾಣುತ್ತದೆ. ಮಣ್ಣು ಬದಲಾಗಿಲ್ಲ, ಅಳತೆಗೋಲು ಬದಲಾಗಿದೆ.

ಪಂಪನ್ನೂ ಅಳೆಯಬೇಕು. ಡಬ್ಬಿಯ ಮೇಲೆ ಬರೆದ ಗಂಟೆಗೆ ಇಷ್ಟು ಲೀಟರ್ ಎಂಬುದು ನೀರನ್ನು ಮೇಲೆತ್ತದೆ ಓಡಿಸಿದಾಗಿನ ಲೆಕ್ಕ, ಕೊಳವೆ ಎತ್ತರ ಹೋದಷ್ಟೂ ನೀರು ಕಡಿಮೆ. ಇನ್ನೊಂದು ಸೂಕ್ಷ್ಮ: ಪಂಪ್ ನಿಂತಾಗ ಕೊಳವೆಯಲ್ಲಿದ್ದ ನೀರು ಹಿಂದಕ್ಕಿಳಿಯುತ್ತದೆ, ಮುಂದಿನ ಸಲ ಮೊದಲ ಕ್ಷಣಗಳು ಕೊಳವೆ ತುಂಬುವುದಕ್ಕೇ ಹೋಗುತ್ತವೆ. ಆದ್ದರಿಂದ ಸಾಧನ ಒಂದು ಸಲಕ್ಕೆ ಅರ್ಧ ಸೆಕೆಂಡ್ ಮಾತ್ರ ನೀರು ಬಿಡುವುದಾದರೆ, 10 ಸೆಕೆಂಡ್ ಒಟ್ಟಿಗೆ ಓಡಿಸಿ ಭಾಗಿಸಿದರೆ ಅರ್ಧ ಸೆಕೆಂಡಿನ ಲೆಕ್ಕ ತಪ್ಪುತ್ತದೆ. ಅರ್ಧ ಸೆಕೆಂಡಿನ 10 ಬಾರಿಯ ನೀರನ್ನು ಅಳತೆ ಜಾಡಿಗೆ ಹಿಡಿದು 10ರಿಂದ ಭಾಗಿಸಿ. ನೀರಿನ ಡಬ್ಬಿಯ ಮಟ್ಟ ಕೊಳವೆಯ ತುದಿಗಿಂತ ಮೇಲಿದ್ದರೆ ಮಾತ್ರ ಇನ್ನೊಂದು ಅಪಾಯ ಕಾದಿರುತ್ತದೆ. ಪಂಪ್ ಆಫ್ ಆದರೂ ನೀರು ಸೈಫನ್ ಆಗಿ, ಮಟ್ಟ ಕೊಳವೆಯ ತುದಿಗೆ ಇಳಿಯುವವರೆಗೆ ಅಥವಾ ಡಬ್ಬಿ ಬರಿದಾಗುವವರೆಗೆ ಹರಿಯುತ್ತಲೇ ಇರುತ್ತದೆ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಇಡೀ ದಿನ ಕಳೆಯುವವರಿದ್ದಾರೆ, ತಪ್ಪು ಇರುವುದು ಡಬ್ಬಿ ಇಟ್ಟ ಜಾಗದಲ್ಲಿ. ಡಬ್ಬಿಯನ್ನು ಕೆಳಗಿಡಿ.

ಇಷ್ಟಾದ ಮೇಲೆ ನಿಮ್ಮದೇ ಪ್ರಶ್ನೆ. ಗಿಡ ಚೆನ್ನಾಗಿ ಬೆಳೆಯಿತೇ ಎಂಬ ಹೋಲಿಕೆ ಬೇಡವೆಂದು ನನ್ನ ಸಲಹೆ. ಅದಕ್ಕೆ ಬಹಳ ಕುಂಡಗಳು, ಬಹಳ ದಿನಗಳು ಬೇಕು, ಬೆಳಕು, ಬೀಜ, ಹುಳು ಎಲ್ಲವೂ ನಡುವೆ ಬರುತ್ತವೆ. ತಂತ್ರಜ್ಞಾನ ಮೇಳಕ್ಕೆ ಸಾಧನದ ಬಗ್ಗೆಯೇ ಕೇಳುವ ಪ್ರಶ್ನೆ ಒಳ್ಳೆಯದು. ಉದಾಹರಣೆಗೆ, ನೀರು ಬಿಟ್ಟ ಮೇಲೆ ಮತ್ತೆ ಓದುವ ಮೊದಲು ಎಷ್ಟು ಹೊತ್ತು ಕಾಯಬೇಕು? ನೀರು ಮಣ್ಣಿನಲ್ಲಿ ಹರಡಲು ಸಮಯ ಬೇಕು. ಸಾಧನ ಕಾಯದೆ ಓದಿದರೆ ನೀರು ಇನ್ನೂ ಸೆನ್ಸರ್ ಬಳಿ ಬಂದಿರುವುದಿಲ್ಲ, ‘ಒಣಗಿದೆ’ ಎಂದೇ ತಿಳಿದು ಇನ್ನಷ್ಟು ಸುರಿಯುತ್ತದೆ. ಇದನ್ನು ಹೀಗೆ ಪರೀಕ್ಷಿಸಿ: ಶೇ 10 ತೇವಕ್ಕೆ ಕಲಸಿದ ಮಣ್ಣನ್ನು ಮುಚ್ಚಿದ ದೊಡ್ಡ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಪ್ರತಿ ಸಲ 550 ಗ್ರಾಂ ಹೊಸದಾಗಿ ತೆಗೆದು ಕುಂಡಕ್ಕೆ ತುಂಬಿ, ಶೇ 20 ಆದಾಗ ನಿಲ್ಲಿಸುವಂತೆ ಸಾಧನಕ್ಕೆ ಹೇಳಿ. 550 ಗ್ರಾಮಿನಲ್ಲಿ ಒಣಮಣ್ಣು 500, ಆದ್ದರಿಂದ ಬೇಕಾದ ನೀರು ನಿಖರವಾಗಿ 50 ಮಿ.ಲೀ. ಕುಂಡವನ್ನು ಮೊದಲು ಮತ್ತು ಕೊನೆಗೆ 1 ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ನೀರು ಕೆಳಗೆ ಸೋರಿ ಹೋಗದಂತೆ ತಟ್ಟೆಯನ್ನೂ ಸೇರಿಸಿ ತೂಗಿ. 1 ಗ್ರಾಂ ಹೆಚ್ಚಾದರೆ 1 ಮಿ.ಲೀ. ಹೋಗಿದೆ ಎಂದರ್ಥ, 50ಕ್ಕಿಂತ ಎಷ್ಟು ಹೆಚ್ಚು ಬಿತ್ತೋ ಅದು ನಿಮ್ಮ ಸಾಧನದ ತಪ್ಪಿನ ಅಳತೆ. ಕಾಯುವ ಸಮಯ 0, 1, 5 ಮತ್ತು 15 ನಿಮಿಷ, ಪ್ರತಿಯೊಂದಕ್ಕೂ 5 ಸಲ, ಒಟ್ಟು 20 ಪ್ರಯೋಗ. ಸೆನ್ಸರ್ ಚುಚ್ಚುವ ಜಾಗ ಮತ್ತು ಕೊಳವೆಯ ತುದಿಯ ಜಾಗವನ್ನು ಗುರುತು ಹಾಕಿ, ಅಲುಗಿಸಬೇಡಿ. ಬಳಸಿದ ಮಣ್ಣನ್ನು ಮತ್ತೆ ಒಣಗಿಸಿ ಬಳಸಬಹುದು.

20 ಪ್ರಯೋಗದಲ್ಲಿ ಎರಡು ಮೂರು ವಿಚಿತ್ರ ಅಂಕಿಗಳು ಬಂದೇ ಬರುತ್ತವೆ. ಅಳಿಸಬೇಡಿ. ಹಾಳೆ ಕೀಳಲು ಬಾರದಂತೆ ಹೊಲಿದ ನೋಟ್‌ಬುಕ್ಕಿನಲ್ಲಿ, ಪೆನ್ನಿನಲ್ಲಿ, ದಿನಾಂಕ ಹಾಕಿ ಬರೆಯಿರಿ. ತಪ್ಪಿದ್ದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಕಾರಣ ಬರೆಯಿರಿ. ಪ್ರೋಗ್ರಾಮಿನ ಯಾವ ಭಾಗವನ್ನು ಎಲ್ಲಿಂದ ತೆಗೆದುಕೊಂಡಿರಿ, ಬೆಸುಗೆಗೆ ಯಾರು ಸಹಾಯ ಮಾಡಿದರು, ಎಐ ಚಾಟ್‌ಬಾಟ್ ಬಳಸಿದಿರಾ ಎಂಬುದೂ ಅದರಲ್ಲಿರಲಿ. ಸಹಾಯ ಪಡೆದದ್ದನ್ನು ಹೇಳಿದರೆ ಅಂಕ ಹೋಗುವುದಿಲ್ಲ, ಮುಚ್ಚಿಟ್ಟದ್ದು ಗೊತ್ತಾದರೆ ಉಳಿದದ್ದನ್ನೂ ಅವರು ನಂಬುವುದಿಲ್ಲ.

ಫಲಕಕ್ಕೆ ಮೂರು ಮಡಿಕೆಯ ಹಲಗೆ ಸಾಕು. ಎಡಕ್ಕೆ ಪ್ರಶ್ನೆ ಮತ್ತು ಸರ್ಕ್ಯೂಟಿನ ಚಿತ್ರ, ನಡುವೆ ಶೀರ್ಷಿಕೆ ಮತ್ತು ಒಂದೇ ದೊಡ್ಡ ನಕ್ಷೆ, ಬಲಕ್ಕೆ ಪರೀಕ್ಷೆಯ ಕೋಷ್ಟಕ, ಕಂಡುಕೊಂಡದ್ದು, ಸಾಧನದ ಮಿತಿಗಳು. ನಕ್ಷೆಯ ಎರಡೂ ಅಕ್ಷಗಳಿಗೆ ಹೆಸರು ಮತ್ತು ಮಾನ ಇರಬೇಕು: ‘ಕಾದ ಸಮಯ, ನಿಮಿಷ’ ಮತ್ತು ‘ಹೆಚ್ಚಾಗಿ ಬಿದ್ದ ನೀರು, ಮಿ.ಲೀ.’ ಎಂಬಂತೆ. ಪ್ರೋಗ್ರಾಮಿನ ಸಾಲುಗಳನ್ನು ಅಂಟಿಸಬೇಡಿ, ನಿಂತು ಓದುವವರಿಲ್ಲ. ಒಂದೂವರೆ ಮೀಟರ್ ದೂರದಿಂದ ಓದಲಾಗದ ಅಕ್ಷರವಿದ್ದರೆ ಬರಹ ಕಡಿಮೆ ಮಾಡಿ ಅಕ್ಷರ ದೊಡ್ಡದು ಮಾಡಿ.

ಮಾತಿಗೆ ಎರಡು ನಿಮಿಷದ ಸಿದ್ಧತೆ ಸಾಕು, ಬಾಯಿಪಾಠ ಬೇಡ. ಇಬ್ಬರಿಗೂ ಎಲ್ಲ ಭಾಗವೂ ಗೊತ್ತಿರಬೇಕು. ‘ಪ್ರೋಗ್ರಾಮ್ ನನ್ನ ಗೆಳೆಯನಿಗೆ ಗೊತ್ತು’ ಎಂಬ ಉತ್ತರ ತಂಡಕ್ಕೆ ಬಹಳ ನಷ್ಟ ಮಾಡುತ್ತದೆ. ಈ ಪ್ರಶ್ನೆಗಳು ಬರುವ ಸಾಧ್ಯತೆ ಹೆಚ್ಚು: ಸೆನ್ಸರ್ ತಂತಿ ಕಿತ್ತುಹೋದರೆ ನಿಮ್ಮ ಪಂಪ್ ಏನು ಮಾಡುತ್ತದೆ? ಡಬ್ಬಿಯಲ್ಲಿ ನೀರು ಮುಗಿದರೆ? ಜೇಡಿಮಣ್ಣಿಗೂ ಇದೇ ಸಂಖ್ಯೆ ಸರಿಯೇ? ಮೊದಲನೆಯದಕ್ಕೆ ಈಗಲೇ ಉತ್ತರ ಕಟ್ಟಿ: ಸಂಖ್ಯೆ ನೀವು ಅಳೆದ ವ್ಯಾಪ್ತಿಯ ಹೊರಗೆ ಹೋದರೆ ಅಥವಾ ಸತತ 10 ಸಲ ನೀರು ಬಿಟ್ಟರೂ ಸಂಖ್ಯೆ ಬದಲಾಗದಿದ್ದರೆ ಪಂಪ್ ನಿಂತು ಕೆಂಪು ದೀಪ ಹೊತ್ತಲಿ. ಎರಡನೆಯದೂ ಅದರಲ್ಲೇ ಬಗೆಹರಿಯುತ್ತದೆ. ಮೂರನೆಯದಕ್ಕೆ ಪ್ರಾಮಾಣಿಕ ಉತ್ತರ ‘ಇಲ್ಲ, ಆ ಮಣ್ಣಿಗೆ ಮತ್ತೆ ಅಳೆದು ಹೊಂದಿಸಬೇಕು’. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಿ, ಹೇಗೆ ಕಂಡುಹಿಡಿಯುವಿರಿ ಎಂಬುದನ್ನು ಜೊತೆಗೆ ಸೇರಿಸಿ.

ದಿನಗಳ ಹಂಚಿಕೆ ಹೀಗಿರಲಿ: ಮೊದಲ ವಾರ ವಿದ್ಯುತ್ ಮತ್ತು ಸೆನ್ಸರ್ ಸರಿಪಡಿಸುವುದು, ಮಣ್ಣು ಒಣಗಿಸಲು ಹಾಕುವುದು. ಎರಡನೆಯ ವಾರ ಅಳತೆ ಹೊಂದಿಸುವುದು. ಮೂರು, ನಾಲ್ಕನೆಯ ವಾರ 20 ಪ್ರಯೋಗ. ಐದನೆಯ ವಾರ ಫಲಕ. ಆರನೆಯ ವಾರಕ್ಕೆ ಹೊಸದೇನನ್ನೂ ಇಟ್ಟುಕೊಳ್ಳಬೇಡಿ, ಪ್ರೋಗ್ರಾಮನ್ನೂ ಮುಟ್ಟಬೇಡಿ.

ಆ ಕೊನೆಯ ವಾರದಲ್ಲಿ ಸಾಧನವನ್ನು ಬ್ರೆಡ್‌ಬೋರ್ಡಿನಿಂದ (ಬೆಸುಗೆಯಿಲ್ಲದೆ ತಂತಿ ಚುಚ್ಚುವ ಹಲಗೆ) ಇಳಿಸಿರಬೇಕು. ಜಂಪರ್ ತಂತಿಗಳು ಸಾಗಾಟದಲ್ಲಿ ಸಡಿಲವಾಗುತ್ತವೆ, ಹೊರಗಿನಿಂದ ಸರಿಯಾಗಿಯೇ ಕಾಣುತ್ತವೆ. ಚುಕ್ಕೆ ರಂಧ್ರದ ಹಲಗೆಗೆ ಬೆಸುಗೆ ಹಾಕಿ, ಹೊರಹೋಗುವ ತಂತಿಗಳಿಗೆ ಸ್ಕ್ರೂ ಟರ್ಮಿನಲ್ ಕೊಡಿ, ತಂತಿಯ ಬುಡಕ್ಕೆ ಬಿಸಿ ಅಂಟು ಹಾಕಿ. ಆಮೇಲೆ ಪೆಟ್ಟಿಗೆಯಲ್ಲಿಟ್ಟು ಚೆನ್ನಾಗಿ ಅಲುಗಾಡಿಸಿ, ತೆಗೆದು, 6 ಗಂಟೆ ನಿಲ್ಲಿಸದೆ ಓಡಿಸಿ. ವಿದ್ಯುತ್ ಭಾಗವೆಲ್ಲ ನೀರಿಗಿಂತ ಎತ್ತರದಲ್ಲಿರಲಿ, ಗೋಡೆಯ ವಿದ್ಯುತ್ತನ್ನು ರಿಲೇ ಮೂಲಕ ತರುವ ಯೋಚನೆ ಬೇಡವೇ ಬೇಡ.

ಪವರ್ ಬ್ಯಾಂಕ್ ಒಯ್ಯುವುದಾದರೆ ಒಂದು ಎಚ್ಚರಿಕೆ: ಎಳೆಯುವ ಕರೆಂಟ್ ತೀರಾ ಕಡಿಮೆಯಿದ್ದರೆ ಫೋನ್ ಚಾರ್ಜ್ ಆಗಿ ಮುಗಿಯಿತೆಂದು ತಿಳಿದು ಅನೇಕ ಪವರ್ ಬ್ಯಾಂಕ್‌ಗಳು ತಾವಾಗಿಯೇ ಆರುತ್ತವೆ, ಉನೊ ಒಂದೇ ಆದರೆ ಹಾಗಾಗುವುದು ಹೆಚ್ಚು. ಮನೆಯಲ್ಲಿ ಅರ್ಧ ಗಂಟೆ ಇಟ್ಟು ನೋಡಿ. ಮುಂದೆ ವೈಫೈ ಸೇರಿಸುವ ಆಸೆಯಿದ್ದರೆ ಸಭಾಂಗಣದ ವೈಫೈ ನಂಬಬೇಡಿ. ನೂರಾರು ಫೋನುಗಳ ನಡುವೆ 2.4 ಗಿಗಾಹರ್ಟ್ಸ್ ದಾರಿ ತುಂಬಿಹೋಗಿರುತ್ತದೆ, ಲಾಗಿನ್ ಪುಟ ಕೇಳುವ ಜಾಲಕ್ಕೆ ಇಎಸ್‌ಪಿ8266 ಎಂಬ ವೈಫೈ ಚಿಪ್ ಸುಲಭವಾಗಿ ಸೇರುವುದೂ ಇಲ್ಲ. ಅದನ್ನೇ ಹಾಟ್‌ಸ್ಪಾಟ್ ಆಗಿ ಮಾಡಿ ನಿಮ್ಮ ಫೋನನ್ನು ನೇರ ಅದಕ್ಕೆ ಸೇರಿಸಿದರೆ ಹೊರಗಿನ ಜಾಲದ ಹಂಗಿಲ್ಲ.

ಪೆಟ್ಟಿಗೆಯಲ್ಲಿ ಇವು ಇರಲಿ: ಹೆಚ್ಚುವರಿ ಉನೊ, ಅದಕ್ಕೆ ಮೊದಲೇ ಪ್ರೋಗ್ರಾಮ್ ಹಾಕಿರಲಿ. ಹೆಚ್ಚುವರಿ ಸೆನ್ಸರ್, ಆದರೆ ಪ್ರತಿ ಸೆನ್ಸರ್‌ನ ಸಂಖ್ಯೆ ಬೇರೆ ಬೇರೆಯಾದ್ದರಿಂದ ಅದನ್ನೂ ಅಳೆದು ಹೊಂದಿಸಿ, ಅದರ ಸಂಖ್ಯೆಗಳನ್ನು ಮೇಲೆಯೇ ಅಂಟಿಸಿರಬೇಕು. ಹೊಸ ಸೆಲ್‌ಗಳು, ಎಕ್ಸ್‌ಟೆನ್ಶನ್ ಬೋರ್ಡ್, ಸ್ಕ್ರೂಡ್ರೈವರ್, ಮಲ್ಟಿಮೀಟರ್, ಇನ್ಸುಲೇಶನ್ ಟೇಪ್, ಒಣ ಬಟ್ಟೆ ಎರಡು. ಪರೀಕ್ಷೆಯ ವಿಡಿಯೊ ಫೋನಿನಲ್ಲೇ ಇರಲಿ, ಅಂತರ್ಜಾಲದಲ್ಲಿ ಮಾತ್ರ ಇದ್ದರೆ ಸಾಲದು. ನೋಟ್‌ಬುಕ್ ಮೇಜಿನ ಮೇಲೆ, 20 ಪ್ರಯೋಗಗಳ ಪುಟ ತೆರೆದ ಹಾಗೆ ಇಡಿ.